ನಾಸ್ತಿಕರು ಕ್ರಿಸ್‌ಮಸ್ ಕ್ಯಾರಲ್ ಹಾಡಿದ್ರೆ ಆಷಾಢಭೂತಿತನ ಆಗತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಇಂಗ್ಲೆಂಡಿನ ಲೀಡ್ಸಲ್ಲಿ ಕೆಲಸ. ಕಾಲೇಜು ದಿನಗಳಿಂದಲೂ ದೇವರು ದಿಂಡರು ನಂಬಿದವನಲ್ಲ, ಮನೇಲಿ ಪೂಜೆಗೂ ಕೂರಲ್ಲ. ಆದ್ರೆ ಡಿಸೆಂಬರ್ ಬಂತು ಅಂದ್ರೆ ಇಲ್ಲಿನ ಕ್ಯಾರಲ್, ಅಂದ್ರೆ ಕ್ರಿಸ್‌ಮಸ್ ಹಾಡು ಕೇಳಿ ಮೈ ಜುಮ್ ಅನ್ನತ್ತೆ, ಹೋದ ವರ್ಷ ಆಫೀಸಿನ ಕ್ವಾಯರ್, ಅಂದ್ರೆ ಹಾಡೋರ ಗುಂಪು ಸೇರಿ ಬಾಸ್ (ಗಂಡಸರ ಕೆಳಸ್ಥಾಯಿ ದನಿ) ಕೂಡ ಹಾಡಿದೆ. ವಿಡಿಯೋ ನೋಡಿದ ಗೆಳೆಯ ಒಬ್ಬ "ನಾಸ್ತಿಕ ಅಂತೀಯ, ಏಸು ಹುಟ್ಟಿದ ಅಂತ ಕುಣಿದು ಹಾಡ್ತೀಯ, ಇದೆಂಥ ಆಷಾಢಭೂತಿತನ ಮಾರಾಯ" ಅಂದ. ಅಮ್ಮ ಫೋನಲ್ಲಿ "ನಮ್ಮ ದೇವರನಾಮ ಶುರುವಾದ್ರೆ ಎದ್ದು ಹೋಗ್ತೀಯ, ಅವರ ದೇವರ ಹಾಡಿಗೆ ಸೂಟು ಹಾಕ್ಕೊಂಡು ನಿಲ್ತೀಯ" ಅಂದ್ರು. ಇಬ್ಬರಿಗೂ "ನಂಗೆ ಟ್ಯೂನ್ ಅಷ್ಟೇ ಇಷ್ಟ, ಮಾತುಗಳಲ್ಲ" ಅಂತ ಹೇಳಿ ತಪ್ಪಿಸ್ಕೊಂಡೆ. ಈ ಸಲ ಆಫೀಸಿನ ಕಾರ್ಯಕ್ರಮ ಚರ್ಚ್ ಒಳಗೇ ಇದೆ, ಮಗಳ ಸ್ಕೂಲಿನದ್ದೂ ಅಲ್ಲೇ. ನನ್ನಂಥವನು ಹಾಡಬಹುದಾ?

ಉತ್ತರ: ಹಾಡಿ. ಆಫೀಸಿನದ್ದೂ ಹಾಡಿ, ಮಗಳ ಸ್ಕೂಲಿನ ಕಾರ್ಯಕ್ರಮದಲ್ಲೂ ಎದ್ದು ನಿಂತು ಹಾಡಿ. ಬಾಸ್ ಹಾಡೋ ಗಂಡಸರು ಸಿಗೋದೇ ಕಷ್ಟ, ಕ್ವಾಯರ್ ನಡೆಸೋ ನಿಮ್ಮ ಕಂಡಕ್ಟರ್ ನಿಮ್ಮನ್ನ ಅಷ್ಟು ಸುಲಭಕ್ಕೆ ಬಿಡೋದೂ ಇಲ್ಲ. ಆದ್ರೆ ಅಮ್ಮನಿಗೂ ಗೆಳೆಯನಿಗೂ ಕೊಟ್ರಲ್ಲ ಒಂದು ಉತ್ತರ, ಟ್ಯೂನ್ ಅಷ್ಟೇ ಇಷ್ಟ ಅಂತ, ಅದನ್ನ ಮಾತ್ರ ನಾನು ಒಪ್ಪಲ್ಲ. ಅದು ಪೂರ್ತಿ ನಿಜ ಇರಲಿಕ್ಕಿಲ್ಲ ಅಂತ ನನ್ನ ಅನುಮಾನ, ಮತ್ತೆ ಅಂಥ ನೆಪ ನಿಮಗೆ ಬೇಕಾಗೂ ಇಲ್ಲ.

ನಾನು ಇಲ್ಲಿ ಒಂದು ಊರಿನ ಕ್ವಾಯರ್ ನಡೆಸ್ತೀನಿ, ಆಡಿಷನ್ ಗೀಡಿಷನ್ ಏನಿಲ್ಲ, ಯಾರು ಬೇಕಾದ್ರೂ ಬಂದು ಹಾಡಬಹುದು. ಅದರಲ್ಲಿ ಭಾನುವಾರ ಚರ್ಚಿಗೆ ಹೋಗೋರು ಇದಾರೆ, ಮದುವೆ ಮತ್ತೆ ಮಣ್ಣು ಬಿಟ್ರೆ ಚರ್ಚಿನ ಬಾಗಿಲು ಕಾಣದೋರು ಇದಾರೆ, ಒಬ್ಬ ಯಹೂದಿ ಟೆನರ್ (ಗಂಡಸರ ಮೇಲುಸ್ಥಾಯಿ ದನಿಯವರು) ಇದಾರೆ, ಇಬ್ಬರು ಮೂರು ಜನ ಅಂತೂ ಕಡು ನಾಸ್ತಿಕರು, ಬ್ರೇಕಲ್ಲಿ ಟೀ ಕುಡೀತಾ ಧರ್ಮದ ಬಗ್ಗೆ ಅವರು ಮಾತಾಡೋದು ಕೇಳಿದ್ರೆ ನಿಮ್ಮ ಗೆಳೆಯ ಖುಷಿಪಡ್ತಾನೆ. ನವೆಂಬರಲ್ಲಿ ಕ್ಯಾರಲ್ ಪುಸ್ತಕ ಹೊರಗೆ ತೆಗೆದಾಗ ಒಬ್ಬರೂ ಎದ್ದು ಹೋಗಲ್ಲ. ಇದು ನನ್ನ ಕ್ವಾಯರಿನ ವಿಶೇಷ ಅಂದ್ಕೋಬೇಡಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ತಾವು ಕ್ರಿಶ್ಚಿಯನ್ ಅಂದೋರು ಶೇಕಡ 46.2, ಯಾವ ಧರ್ಮವೂ ಇಲ್ಲ ಅಂದೋರು ಶೇಕಡ 37.2. ಹಾಗಿದ್ರೂ ಡಿಸೆಂಬರಲ್ಲಿ ಹಾಡೋ ಜಾಗ ಎಲ್ಲಾ ತುಂಬಿರತ್ತೆ, ಅಂದ್ಮೇಲೆ ಅಲ್ಲಿ ನಿಂತು ಹಾಡ್ತಿರೋ ಜನರಲ್ಲಿ ನಿಮ್ಮಂಥೋರು ಎಷ್ಟಿರಬಹುದು ನೀವೇ ಲೆಕ್ಕ ಹಾಕಿ. ನಿಮ್ಮ ಗೆಳೆಯನಿಗೆ ದೊಡ್ಡ ಹೆಸರೇ ಬೇಕು ಅಂದ್ರೆ ರಿಚರ್ಡ್ ಡಾಕಿನ್ಸ್ ಇದಾರಲ್ಲ, ಈ ಕಾಲದ ನಾಸ್ತಿಕರ ಪೈಕಿ ಅವರಿಗಿಂತ ಖಡಕ್ಕಾದವರು ಯಾರು, ಅವರೇ 2007ರಲ್ಲಿ ಬಿಬಿಸಿ ಮುಂದೆ ಎಲ್ಲರ ಜೊತೆ ಕ್ಯಾರಲ್ ಹಾಡೋದು ತನಗಿಷ್ಟ, ತಾನು ಸಾಂಸ್ಕೃತಿಕವಾಗಿ ಕ್ರಿಶ್ಚಿಯನ್ ಅಂತ ಹೇಳಿದ್ರು. ಆಮೇಲೆ 2008ರಿಂದ ಲಂಡನ್ನಲ್ಲಿ ಕಾಮೆಡಿಯನ್ ರಾಬಿನ್ ಇನ್ಸ್ ದೇವರಿಲ್ಲದವರಿಗೋಸ್ಕರವೇ ಕ್ರಿಸ್‌ಮಸ್ ಶೋ ಶುರು ಮಾಡಿದ್ರು, ವಿಜ್ಞಾನಿಗಳು ಹಾಸ್ಯಗಾರರು ಹಾಡುಗಾರರು ಎಲ್ಲಾ ಒಂದೇ ಸ್ಟೇಜಲ್ಲಿ. ಅದು ಬೇರೆ ಥರದ ಮಜಾ, ನಿಮ್ಮ ಪ್ರಶ್ನೆ ಅದಲ್ಲ ಬಿಡಿ. ನಿಮ್ಮ ಪ್ರಶ್ನೆ ಇರೋದು ಅಸಲಿ ಕ್ಯಾರಲ್ ಬಗ್ಗೆ, ಏಸು, ಮೇರಿ, ದೇವದೂತರು ಎಲ್ಲಾ ಇರೋ ಹಾಡಿನ ಬಗ್ಗೆ.

ಈ ಹಾಡುಗಳನ್ನ ಮಾಡಿದ್ದು ಯಾರು ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಇವೆಲ್ಲ ಭಕ್ತರು ಭಕ್ತರಿಗೋಸ್ಕರ ಬರೆದ ಹಾಡು, ಹೊರಗಿನ ನಾನು ಕದ್ದು ಒಳಗೆ ನುಗ್ಗಿದೀನಿ ಅನ್ನೋ ಥರ ಒಂದು ಅಳುಕು ನಿಮ್ಮ ಪತ್ರದಲ್ಲಿ ಕಾಣ್ತಿದೆ. ಇಂಗ್ಲೆಂಡಲ್ಲಿ "ಓ ಲಿಟ್ಲ್ ಟೌನ್ ಆಫ್ ಬೆತ್ಲೆಹೆಮ್" ಹಾಡೋ ಧಾಟಿಯನ್ನೇ ತಗೊಳ್ಳಿ. ಸಾಹಿತ್ಯ ಅಮೆರಿಕದ ಪಾದ್ರಿ ಫಿಲಿಪ್ಸ್ ಬ್ರೂಕ್ಸ್ ಅವರದ್ದು, 1868ರದ್ದು, ಅಪ್ಪಟ ಭಕ್ತಿ. ಆದ್ರೆ ಧಾಟಿ ಸರ್ರೆ ಜಿಲ್ಲೆಯ ಫಾರೆಸ್ಟ್ ಗ್ರೀನ್ ಅನ್ನೋ ಹಳ್ಳೀಲಿ ಗಾರ್ಮನ್ ಅನ್ನೋ ಮುದುಕರೊಬ್ಬರು ಹಾಡ್ತಿದ್ದ ಜನಪದ ಹಾಡಿನದ್ದು, ಉಳುವ ಹುಡುಗನೊಬ್ಬನ ಕನಸಿನ ಕಥೆ. 1903ರಲ್ಲಿ ಅದನ್ನ ಕೇಳಿ ಬರಕೊಂಡು 1906ರ ಇಂಗ್ಲಿಷ್ ಹಿಮ್ನಲ್ ಪುಸ್ತಕಕ್ಕೆ ಸೇರಿಸಿದ್ದು ಸಂಗೀತ ರಚನೆಕಾರ ರಾಲ್ಫ್ ವಾನ್ ವಿಲಿಯಮ್ಸ್. ಈ ಮನುಷ್ಯ ಪಾದ್ರಿಯ ಮಗ, ತಾಯಿ ಕಡೆಯಿಂದ ಚಾರ್ಲ್ಸ್ ಡಾರ್ವಿನ್ ಇವರಿಗೆ ಅಜ್ಜಿಯ ತಮ್ಮ ಆಗಬೇಕು, ಕೇಂಬ್ರಿಜಲ್ಲಿ ಓದ್ತಿದ್ದಾಗ ನಾಸ್ತಿಕ, ಆಮೇಲೆ ಹಾಗೇ ದೇವರಿದಾನೋ ಇಲ್ಲವೋ ಗೊತ್ತಿಲ್ಲ ಅನ್ನೋ ಅಜ್ಞೇಯವಾದಿಯಾಗಿ ಉಳಿದವರು, ಇದನ್ನ ಹೇಳಿರೋದು ಅವರ ಜೀವನಚರಿತ್ರೆ ಬರೆದ ಅವರ ಹೆಂಡತಿಯೇ. ಇಂಥವರು ಚರ್ಚಿನ ಹಾಡಿನ ಪುಸ್ತಕದ ಸಂಗೀತ ಸಂಪಾದಕರಾಗಿದ್ರು, 1912ರಲ್ಲಿ ಕ್ಯಾರಲ್‌ಗಳ ಮೇಲೇ ಒಂದು ದೊಡ್ಡ ಕೃತಿ ಮಾಡಿದ್ರು, 1928ರ ಆಕ್ಸ್‌ಫರ್ಡ್ ಕ್ಯಾರಲ್ ಪುಸ್ತಕದ ಸಂಪಾದಕರಲ್ಲಿ ಒಬ್ಬರಾದ್ರು, ಎಂಬತ್ತು ದಾಟಿದ ಮೇಲೆ 1954ರಲ್ಲಿ ಇನ್ನೊಂದು ಕ್ರಿಸ್‌ಮಸ್ ಕೃತಿ ಬರೆದ್ರು. ನಾಸ್ತಿಕನೊಬ್ಬ ಒಳ್ಳೇ ಮಾಸ್ (ಚರ್ಚಿನ ಪೂಜೆಯ ಸಂಗೀತ) ಬರೆಯೋಕಾಗಲ್ಲ ಅನ್ನೋದಕ್ಕೆ ಕಾರಣವೇ ಇಲ್ಲ ಅನ್ನೋ ಅರ್ಥದ ಮಾತೂ ಅವರದ್ದೇ. ಅವರನ್ನ ಆಷಾಢಭೂತಿ ಅಂತ ಇಲ್ಲಿ ಯಾರೂ ಕರೆದಿದ್ದು ನಾನು ಕೇಳಿಲ್ಲ, ಚರ್ಚಿನವರಂತೂ ಖಂಡಿತ ಕರೆಯಲ್ಲ, ಅವರ ಪುಸ್ತಕ ಇಲ್ಲದೆ ಎಷ್ಟೋ ಕಡೆ ಭಾನುವಾರವೇ ನಡೀತಿರಲಿಲ್ಲ.

ಅದೇ 1906ರ ಪುಸ್ತಕದಲ್ಲಿ "ಇನ್ ದ ಬ್ಲೀಕ್ ಮಿಡ್‌ವಿಂಟರ್" ಇದೆ, ಕ್ರಿಸ್ಟಿನಾ ರೊಸೆಟ್ಟಿ ಕವಿತೆಗೆ ಧಾಟಿ ಹಾಕಿದ್ದು ಇಂಗ್ಲೆಂಡಿನ ಸಂಗೀತ ರಚನೆಕಾರ ಗುಸ್ತಾವ್ ಹೋಲ್ಸ್ಟ್. ಈ ಹೋಲ್ಸ್ಟ್ ಕಥೆ ನಿಮ್ಮ ಅಮ್ಮನಿಗೆ ಹೇಳಿ. ಆ ಮಹಾನುಭಾವ ಋಗ್ವೇದದ ಮೇಲಿನ ಪ್ರೀತಿಗೆ ಸಂಸ್ಕೃತ ಕಲಿಯೋಕೆ ಕೂತ್ರು, ಸೂಕ್ತಗಳನ್ನ ತಾವೇ ಇಂಗ್ಲಿಷಿಗೆ ತಂದು ಕ್ವಾಯರಿಗೆ ಸಂಗೀತ ಹಾಕಿದ್ರು, ಸಾವಿತ್ರಿ ಸತ್ಯವಾನರ ಕಥೆ ಇಟ್ಕೊಂಡು ಒಂದು ಪುಟ್ಟ ಆಪರಾನೂ ಬರೆದ್ರು. ಅವರೇನು ಹಿಂದೂ ಆದ್ರಾ, ಇಲ್ಲ. ಉಷೆ ಬಗ್ಗೆ, ಅಗ್ನಿ ಬಗ್ಗೆ ಇಂಗ್ಲೆಂಡಿನ ಹುಡುಗಿಯರ ಕೈಲಿ ಹಾಡಿಸಿದಾಗ ಯಾರೂ ಮತಾಂತರ ಆಗ್ಲಿಲ್ಲ. ದಾರಿ ಎರಡೂ ಕಡೆಗೂ ಇದೆ.

ಫ್ರೆಂಚ್ ಕ್ಯಾರಲ್ ಒಂದಿದೆ, "ಓ ಹೋಲಿ ನೈಟ್" ಅಂತ ಇಂಗ್ಲಿಷಲ್ಲಿ ಹಾಡ್ತಾರೆ, ಹೆಂಗಸರ ಮೇಲುಸ್ಥಾಯಿ ದನಿಯ ಸೋಪ್ರಾನೋಗಳಿಗೆ ಪ್ರಾಣ, ಕಂಡಕ್ಟರುಗಳಿಗೆ ತಲೆನೋವು. 1847ರಲ್ಲಿ ರೋಕ್‌ಮೋರ್ ಅನ್ನೋ ಊರಿನ ಪಾದ್ರಿ ಕೇಳಿದ್ರು ಅಂತ ಸಾಹಿತ್ಯ ಬರೆದಿದ್ದು ಪ್ಲಾಸಿಡ್ ಕಪ್ಪೋ ಅನ್ನೋ ವೈನ್ ವ್ಯಾಪಾರಿ, ಅವರಿಗೂ ಚರ್ಚಿಗೂ ಅಷ್ಟಕ್ಕಷ್ಟೇ, ಮುಂದೆ ಸಮಾಜವಾದದ ಕಡೆ ವಾಲಿದವರು. ಧಾಟಿ ಹಾಕಿದ್ದು ಬ್ಯಾಲೆ ಸಂಗೀತಕ್ಕೆ ಹೆಸರಾದ ಅಡಾಲ್ಫ್ ಆಡಂ. (ಆಡಂ ಯಹೂದಿ ಅಂತ ಇಂಟರ್ನೆಟ್ ತುಂಬ ಒಂದು ಕಥೆ ಓಡಾಡತ್ತೆ, ಅದು ಸುಳ್ಳು, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.) ಆಮೇಲೆ ಚರ್ಚಿನ ಕೆಲವರು ಈ ಹಾಡಲ್ಲಿ ಭಕ್ತಿಯೇ ಇಲ್ಲ ಅಂತ ಮೂಗು ಮುರಿದ್ರು, ಜನ ಕೇಳಬೇಕಲ್ಲ. ಇನ್ನು ಅಮೆರಿಕದ ರೇಡಿಯೋ ಹಾಡುಗಳ ಕಡೆ ಹೋದ್ರಂತೂ ಮುಗೀತು, ಬಿಂಗ್ ಕ್ರಾಸ್ಬಿ 1942ರಲ್ಲಿ ರೆಕಾರ್ಡ್ ಮಾಡಿದ "ವೈಟ್ ಕ್ರಿಸ್‌ಮಸ್" ಬರೆದಿದ್ದು ರಷ್ಯಾದಿಂದ ಬಂದ ಯಹೂದಿ ಕುಟುಂಬದ ಇರ್ವಿಂಗ್ ಬರ್ಲಿನ್, "ರುಡಾಲ್ಫ್" ಬರೆದ ಜಾನಿ ಮಾರ್ಕ್ಸ್ ಕೂಡ ಯಹೂದಿ. ಈ ಹಾಡುಗಳಲ್ಲಿ ಏಸುವಿನ ಸುಳಿವೇ ಇಲ್ಲ, ಹಾಗಾಗಿ ನಾಸ್ತಿಕರಿಗೆ ಇದರಲ್ಲಿ ತೊಂದರೆಯೂ ಇಲ್ಲ, ನನಗೆ ಇದರಲ್ಲಿ ಅಷ್ಟು ಆಸಕ್ತಿಯೂ ಇಲ್ಲ, ಸೂಪರ್ ಮಾರ್ಕೆಟ್ಟಲ್ಲಿ ಅಕ್ಟೋಬರ್ ಕೊನೆಯಿಂದ ಕೇಳಿ ಕೇಳಿ ಸಾಕಾಗಿರತ್ತೆ.

ಧಾಟಿಗಳ ಕಥೆ ಇನ್ನೂ ಮಜಾ. ಕ್ಯಾರಲ್ ಧಾಟಿಗಳು ಬಾಡಿಗೆ ಮನೆ ಇದ್ದ ಹಾಗೆ, ಒಬ್ಬರು ಖಾಲಿ ಮಾಡಿದ್ರೆ ಇನ್ನೊಬ್ಬರು ಸಾಮಾನು ತಂದು ಇಳಿಸ್ತಾರೆ. "ಹಾರ್ಕ್ ದ ಹೆರಾಲ್ಡ್ ಏಂಜಲ್ಸ್" ಧಾಟಿ ಜರ್ಮನಿಯ ಸಂಗೀತ ರಚನೆಕಾರ ಮೆಂಡೆಲ್ಸನ್ ಅವರದ್ದು, 1840ರಲ್ಲಿ ಲೈಪ್ಜಿಗ್ ಊರಲ್ಲಿ ಗುಟೆನ್‌ಬರ್ಗ್ ಮುದ್ರಣ ಕಂಡುಹಿಡಿದು ನಾನೂರು ವರ್ಷ ಆಯ್ತು ಅಂತ ನಡೆದ ಹಬ್ಬಕ್ಕೆ ಬರೆದಿದ್ದು, ಅಂದ್ರೆ ಅಚ್ಚಿನ ಯಂತ್ರದ ಗೌರವಕ್ಕೆ. ಅದಕ್ಕೆ ಇಂಗ್ಲಿಷ್ ಮಾತು ಹಾಕಿಸೋ ಯೋಚನೆ ಬಂದಾಗ ಏನು ಬೇಕಾದ್ರೂ ಹಾಕಿ, ದೇವರ ಸಾಹಿತ್ಯ ಮಾತ್ರ ಇದಕ್ಕೆ ಹೊಂದಲ್ಲ ಅಂತ ಅವರೇ ಪಬ್ಲಿಷರಿಗೆ ಬರೆದಿದ್ರು. ಅವರು ತೀರಿಕೊಂಡ ಮೇಲೆ 1855ರಲ್ಲಿ ವಿಲಿಯಂ ಕಮ್ಮಿಂಗ್ಸ್ ಅನ್ನೋ ಸಂಗೀತಗಾರ ಚಾರ್ಲ್ಸ್ ವೆಸ್ಲಿ ಬರೆದ ಹಳೇ ಭಕ್ತಿಗೀತೆಗೆ ಅದನ್ನೇ ಜೋಡಿಸಿದ್ರು, ಈಗ ಅದಿಲ್ಲದೆ ಕ್ರಿಸ್‌ಮಸ್ಸೇ ಇಲ್ಲ. "ಗುಡ್ ಕಿಂಗ್ ವೆನ್ಸೆಸ್ಲಾಸ್" ಹಿಮದ ಹಾಡು ಅಲ್ವಾ, ಅದರ ಧಾಟಿ 1582ರ ಪುಸ್ತಕವೊಂದರಲ್ಲಿ ವಸಂತಕಾಲದ ಹೂವಿನ ಹಾಡಾಗಿತ್ತು, 1853ರಲ್ಲಿ ಜಾನ್ ಮೇಸನ್ ನೀಲ್ ಅದಕ್ಕೆ ಚಳಿ ತುಂಬಿದ್ರು. "ಕ್ಯಾರಲ್ ಆಫ್ ದ ಬೆಲ್ಸ್" ಅಂತ ಎಲ್ಲಾ ಜಾಹೀರಾತಲ್ಲೂ ಬರತ್ತಲ್ಲ ಟಿಣ್ ಟಿಣ್ ಅಂತ, ಅದು ಉಕ್ರೇನಿನ ಮಿಕೋಲಾ ಲಿಯೊಂಟೊವಿಚ್ ಹಳೇ ಜನಪದ ಹಾಡನ್ನ ಕ್ವಾಯರಿಗೆ ಹೊಂದಿಸಿದ್ದು, ಕೀವ್‌ನಲ್ಲಿ 1916ರಲ್ಲಿ ಮೊದಲು ಹಾಡಿದ್ರು. ಅದರಲ್ಲಿ ಗಂಟೆಯೂ ಇಲ್ಲ ಕ್ರಿಸ್‌ಮಸ್ಸೂ ಇಲ್ಲ, ಒಂದು ಬಾನಕ್ಕಿ ಮನೆಗೆ ಹಾರಿ ಬಂದು ಯಜಮಾನನಿಗೆ ಕೊಟ್ಟಿಗೇಲಿ ಕುರಿಮರಿ ಹುಟ್ಟಿದೆ ನೋಡು, ಈ ವರ್ಷ ನಿಂಗೆ ಒಳ್ಳೇದಾಗತ್ತೆ ಅಂತ ಹೇಳತ್ತೆ, ಹೊಸ ವರ್ಷದ ಹಾರೈಕೆ ಹಾಡು ಅದು. 1936ರಲ್ಲಿ ಅಮೆರಿಕದ ಪೀಟರ್ ವಿಲ್‌ಹೌಸ್ಕಿ ಗಂಟೆ ಸಾಹಿತ್ಯ ಬರೆದ್ರು, ಬಾನಕ್ಕಿ ಹಾರಿಹೋಯ್ತು. ಹೀಗೆ ಮೂರು ಮೂರು ಸಲ ಕೈ ಬದಲಾಯಿಸಿದ ಹಾಡಿನ ಮುಂದೆ ನಿಂತು ಇದು ಯಾರ ಸ್ವತ್ತು ಅಂತ ನಿಮ್ಮ ಗೆಳೆಯ ಯಾವ ಲೆಕ್ಕದಲ್ಲಿ ಕೇಳ್ತಾನೆ?

ಇನ್ನೊಂದು ವಿಷಯ, ಇತಿಹಾಸದಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ನಿಲ್ಲಿಸೋಕೆ ಹೊರಟ ಜನ ಇಂಗ್ಲೆಂಡಲ್ಲಿ ನಾಸ್ತಿಕರಲ್ಲ, ಅತಿ ಭಕ್ತರು. ಪ್ಯೂರಿಟನ್ನರ ಕೈಲಿದ್ದ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್‌ಮಸ್ ಹಬ್ಬ ರದ್ದು ಅಂತ ಆಜ್ಞೆ ಹೊರಡಿಸಿತು, ಬೈಬಲ್ಲಲ್ಲಿ ಇಂಥ ಹಬ್ಬ ಮಾಡಿ ಅಂತ ಎಲ್ಲೂ ಇಲ್ಲ, ಇದೆಲ್ಲ ಕುಡಿತ ಕುಣಿತದ ನೆಪ ಅನ್ನೋದು ಅವರ ವಾದ. ಆ ಡಿಸೆಂಬರಲ್ಲಿ ಕ್ಯಾಂಟರ್‌ಬರಿಯಲ್ಲಿ ಅಂಗಡಿ ತೆಗೀಬೇಕು ಅಂತ ಒತ್ತಾಯ ಮಾಡಿದ್ದಕ್ಕೆ ಜನ ಗಲಾಟೆ ಎಬ್ಬಿಸಿದ್ರು. ಅಟ್ಲಾಂಟಿಕ್ ಆ ಕಡೆ ಮ್ಯಾಸಚೂಸೆಟ್ಸಲ್ಲಿ 1659ರಿಂದ 1681ರ ತನಕ ಕ್ರಿಸ್‌ಮಸ್ ಆಚರಿಸಿದ್ರೆ ಐದು ಶಿಲ್ಲಿಂಗ್ ದಂಡ. ಸ್ಕಾಟ್ಲೆಂಡಲ್ಲಿ ಕ್ರಿಸ್‌ಮಸ್ ಸರ್ಕಾರಿ ರಜೆ ಆಗಿದ್ದೇ 1958ರಲ್ಲಿ. ಕ್ಯಾರಲ್ ಈ ಎಲ್ಲಾ ಕಾಲ ದಾಟಿ ಬಂದಿದ್ದಕ್ಕೆ ಒಂದು ಕಾರಣ ಅದು ಪೂಜಾವಿಧಿಯ ಒಳಗೆ ಬೆಳೆದಿದ್ದಕ್ಕಿಂತ ಹೊರಗೆ ಬೆಳೆದಿದ್ದು ಜಾಸ್ತಿ, ಬೀದೀಲಿ, ಹೆಂಡದಂಗಡೀಲಿ, ಮನೆಮನೆ ಬಾಗಿಲಲ್ಲಿ ಹಾಡಿ ಕಾಸು ಕೇಳೋರ ಬಾಯಲ್ಲಿ. ಇಲ್ಲೇ ಲೀಡ್ಸಿಂದ ಸ್ವಲ್ಪ ಕೆಳಗೆ ಶೆಫೀಲ್ಡ್ ಸುತ್ತಮುತ್ತಲ ಹಳ್ಳಿಗಳ ಪಬ್ಬುಗಳಲ್ಲಿ ನವೆಂಬರಿಂದ ಜನ ಬಿಯರ್ ಹಿಡ್ಕೊಂಡು ಊರಿನದ್ದೇ ಹಳೇ ಕ್ಯಾರಲ್ ಹಾಡೋ ಪದ್ಧತಿ ಈಗಲೂ ಇದೆ, ನಿಮಗೆ ಹತ್ತಿರವೇ, ಒಂದು ಭಾನುವಾರ ಹೋಗಿ ಬನ್ನಿ, ಧಾಟಿ ಗೊತ್ತಿಲ್ಲದಿದ್ರೂ ಎರಡನೇ ಚರಣಕ್ಕೆ ಬಾಸ್ ತಾನಾಗೇ ಸಿಗತ್ತೆ.

ಸರಿ, ಈಗ ಮೈ ಜುಮ್ ಅನ್ನೋ ವಿಷಯ. ಇದಕ್ಕೆ ಭಕ್ತಿ ಬೇಕಾಗಿಲ್ಲ, ಕೆಲಸ ಮಾಡೋದು ಸಂಗೀತದ ಕಸುಬು. "ಓ ಕಮ್ ಆಲ್ ಯೀ ಫೇತ್‌ಫುಲ್" ಕೊನೆ ಚರಣದಲ್ಲಿ "ವರ್ಡ್ ಆಫ್ ದ ಫಾದರ್" ಅನ್ನೋ ಸಾಲು ಬರತ್ತೆ. ಈಗ ಹಾಡೋದು ಕೇಂಬ್ರಿಜ್ ಕಿಂಗ್ಸ್ ಕಾಲೇಜಿನ ಡೇವಿಡ್ ವಿಲ್‌ಕಾಕ್ಸ್ ಅದಕ್ಕೆ ಮಾಡಿದ ಸಂಗೀತ ಜೋಡಣೆ, 1961ರ ಹಸಿರು ರಟ್ಟಿನ ಕ್ಯಾರಲ್ ಪುಸ್ತಕದಲ್ಲಿ ಬಂದಿದ್ದು. ಅಲ್ಲಿ ಹಾಡೋರೆಲ್ಲ ಹಾಡೋದು ಅದೇ ಮಾಮೂಲಿ ಧಾಟಿ, ಆದ್ರೆ "ವರ್ಡ್" ಅನ್ನೋ ಕಡೆ ಕೆಳಗೆ ಆರ್ಗನ್ ಯಾರೂ ನಿರೀಕ್ಷೆ ಮಾಡದ ಒಂದು ಹಾಫ್ ಡಿಮಿನಿಶ್ಡ್ ಕಾರ್ಡಿಗೆ (ಒಟ್ಟಿಗೆ ನುಡಿಸೋ ಸ್ವರಗಳ ಗುಚ್ಛಕ್ಕೆ) ಜಾರತ್ತೆ, ಇಡೀ ಕಟ್ಟಡ ಒಂದು ಕ್ಷಣ ವಾಲಿದ ಹಾಗೆ ಆಗತ್ತೆ, ಕ್ವಾಯರಿನವರೆಲ್ಲ ಆ ಒಂದು ಕಾರ್ಡಿಗೋಸ್ಕರ ಉಳಿದ ಚರಣ ಹಾಡ್ತಾರೆ ಅಂದ್ರೂ ತಪ್ಪಿಲ್ಲ. ಆ ಚರಣ ಕ್ರಿಸ್‌ಮಸ್ ದಿನವೇ ಹಾಡಬೇಕು ಅಂತ ಹಳೇ ಪದ್ಧತಿ ಇದೆ, ಎಷ್ಟೋ ಕಡೆ ಈ ಆಸೆಗೆ ಮೊದ್ಲೇ ಹಾಡಿಬಿಡ್ತಾರೆ. ನಮ್ಮ ಕಿವಿಗೆ ಇದು ಇನ್ನೂ ಜಾಸ್ತಿ ತಟ್ಟತ್ತೆ ಅಂತ ನನ್ನ ಅಭಿಪ್ರಾಯ. ನಾವು ತಂಬೂರಿ ಶ್ರುತಿ ಅಲುಗಾಡದೆ ಕೂತಿರೋ ಸಂಗೀತ ಕೇಳಿ ಬೆಳೆದೋರು, ರಾಗ ಮೇಲೆ ಎಲ್ಲಿ ಬೇಕಾದ್ರೂ ಹೋಗಲಿ ಷಡ್ಜ ಅಲ್ಲೇ ಇರತ್ತೆ. ಇಲ್ಲಿ ಅದೇ ಸ್ವರದ ಕೆಳಗೆ ಆಧಾರವೇ ಬದಲಾಗತ್ತೆ. ಕಛೇರೀಲಿ ವಿದ್ವಾಂಸರು ಗ್ರಹಭೇದ ಮಾಡಿದಾಗ, ಅಂದ್ರೆ ಬೇರೆ ಸ್ವರವನ್ನೇ ಷಡ್ಜ ಅಂದ್ಕೊಂಡು ಹಾಡಿದಾಗ, ಅರೆಕ್ಷಣ ಎಲ್ಲಿದೀವಿ ಅಂತ ಗೊತ್ತಾಗದೆ ಸಭೆ ತಲೆದೂಗತ್ತಲ್ಲ, ಆ ಜಾತಿಯ ಬೆರಗು. ನೀವು ಬಾಸ್ ಹಾಡ್ತೀರ, ಬೇರೆ ಚರಣಗಳಲ್ಲಿ ಆ ಆಧಾರ ಕದಲಿಸೋ ಕೆಲಸ ನಿಮ್ಮ ಗಂಟಲಿನದ್ದೇ, ಜುಮ್ ಅನ್ನದೆ ಇನ್ನೇನು.

ಜೊತೆಗೆ ಹಾಡೋದರ ಖುಷಿಯೂ ಇದೆ. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ವಯಸ್ಕರ ಸಂಜೆ ಕ್ಲಾಸುಗಳನ್ನ ಏಳು ತಿಂಗಳು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದ್ರು, ಹಾಡೋ ಕ್ಲಾಸು, ಕೈಕಸುಬಿನ ಕ್ಲಾಸು, ಬರವಣಿಗೆ ಕ್ಲಾಸು. ಕೊನೆಗೆ ಎಲ್ಲಾ ಗುಂಪಲ್ಲೂ ಸ್ನೇಹ ಬೆಳೆದಿತ್ತು, ಆದ್ರೆ ಹಾಡೋರು ಮೊದಲ ತಿಂಗಳಲ್ಲೇ ಹತ್ತಿರ ಆಗಿಬಿಟ್ಟಿದ್ರು, ಉಳಿದವರಿಗೆ ಸಮಯ ಹಿಡೀತು. ನಾಲ್ಕು ಗಂಟೆಗೇ ಕತ್ತಲಾಗೋ ಈ ದೇಶದ ಡಿಸೆಂಬರಲ್ಲಿ ಊರು ಬಿಟ್ಟು ಬಂದವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ನಾನು ಒಪ್ಪಲ್ಲ ಅಂದ ಆ ಮಾತಿಗೆ ಬರ್ತೀನಿ. ಟ್ಯೂನ್ ಅಷ್ಟೇ ಇಷ್ಟ ಅಂತ ಹೇಳೋ ನಾಸ್ತಿಕರನ್ನ ನಾನು ಬೇಕಾದಷ್ಟು ನೋಡಿದೀನಿ, ಅವರಿಗೆ "ಲಾ ಲಾ" ಅಂತ ಅದೇ ಧಾಟಿ ಹಾಡಿಸಿ ನೋಡಿ, ಎರಡು ನಿಮಿಷಕ್ಕೆ ಬೋರ್. ಮಾತು ಬೇಕು. ಕವೆಂಟ್ರಿ ಕ್ಯಾರಲ್ ಅಂತ ಇದೆ, ಹದಿನಾರನೇ ಶತಮಾನದ್ದು, ಕವೆಂಟ್ರಿ ಊರಿನ ದರ್ಜಿಗಳು, ಉಣ್ಣೆ ಬಟ್ಟೆಯ ಜುಂಗು ಕತ್ತರಿಸಿ ನಯ ಮಾಡೋರು ಸೇರಿ ಬೀದೀಲಿ ಆಡ್ತಿದ್ದ ನಾಟಕದ ಹಾಡು. ಹೆರೋದ ರಾಜ ಊರಿನ ಗಂಡುಕೂಸುಗಳನ್ನೆಲ್ಲ ಕೊಲ್ಲೋಕೆ ಆಳು ಕಳಿಸಿದಾನೆ, ತಾಯಂದಿರು ಮಗು ಅಳದೇ ಇರಲಿ ಅಂತ ಜೋಗುಳ ಹಾಡ್ತಾರೆ, ಅತ್ತರೆ ಸಿಕ್ಕಿಬೀಳ್ತೀವಿ ಅನ್ನೋ ಭಯ, ಇಷ್ಟೇ ಹಾಡು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಕವೆಂಟ್ರಿಯ ಕಥೀಡ್ರಲ್ ಸುಟ್ಟುಹೋಯ್ತು, ಆ ಕ್ರಿಸ್‌ಮಸ್ಸಿಗೆ ಬಿಬಿಸಿ ಅದೇ ಅವಶೇಷದ ನಡುವಿನಿಂದ ಪ್ರಸಾರ ಮಾಡಿದಾಗ ಹಾಡಿದ್ದು ಇದೇ ಕ್ಯಾರಲ್. ಹೆರೋದ ಆ ಥರ ಕೊಲ್ಲಿಸಿದ್ದು ಚಾರಿತ್ರಿಕವಾಗಿ ನಿಜವಾ ಅಂತ ಕೇಳಿದ್ರೆ ಇತಿಹಾಸಕಾರರಲ್ಲಿ ಅನುಮಾನ ಪಡೋರೇ ಹೆಚ್ಚು. ಆದ್ರೆ ಅದನ್ನ ಹಾಡುವಾಗ ನಿಮ್ಮ ಗಂಟಲು ಕಟ್ಟಿದ್ರೆ ಅದಕ್ಕೆ ಕಾರಣ ಧಾಟಿ ಒಂದೇನಾ? ಮಾತಿನ ಅರ್ಥ ಗೊತ್ತು, ಮಗು ಗೊತ್ತು, ಬಾಂಬು ಗೊತ್ತು, ಅದಕ್ಕೇ ಕಟ್ಟೋದು. ಪುಣ್ಯಕೋಟಿ ಹಾಡು ಕೇಳಿ ಅತ್ತಿರ್ತೀರಲ್ಲ, ಹಸು ಮಾತಾಡತ್ತೆ ಅಂತ ಒಪ್ಪಿಕೊಂಡು ಅತ್ರಾ?

ರೊಸೆಟ್ಟಿ ಕವಿತೆ ನೋಡಿ. ಮೊದಲ ಚರಣದಲ್ಲಿ ದೇವರ ಹೆಸರೇ ಇಲ್ಲ, ಬರೀ ಚಳಿ, ಕಬ್ಬಿಣದ ಹಾಗೆ ಗಟ್ಟಿಯಾದ ನೆಲ, ಕಲ್ಲಾದ ನೀರು, ಹಿಮದ ಮೇಲೆ ಹಿಮ. ಕೊನೆ ಚರಣದಲ್ಲಿ ಬಡವಳಾದ ನಾನು ಏನು ಕೊಡಲಿ, ಕುರುಬನಾಗಿದ್ರೆ ಕುರಿಮರಿ ಕೊಡ್ತಿದ್ದೆ, ಅನ್ನೋ ಸಂಕೋಚ. ಕೈಯಲ್ಲಿ ಏನೂ ಇಲ್ಲದೆ ಬಾಣಂತಿ ಮನೆಗೆ ಹೋಗೋ ಆ ಮುಜುಗರ ಅರ್ಥ ಆಗೋಕೆ ಬ್ಯಾಪ್ಟಿಸಂ ಬೇಕಾ? ನಂಬಿದವರಿಗೆ ಇದರಲ್ಲಿ ನಮಗಿಂತ ಇನ್ನೊಂದು ಪದರ ಕಾಣತ್ತೆ, ಅದನ್ನ ನಾನು ಅಲ್ಲಗಳೆಯಲ್ಲ, ನನ್ನ ಕ್ವಾಯರಲ್ಲಿ ಆಲ್ಟೋ (ಹೆಂಗಸರ ಕೆಳಸ್ಥಾಯಿ ದನಿ) ಹಾಡೋ ಭಕ್ತರೊಬ್ಬರು ಇದನ್ನ ಹಾಡುವಾಗ ಅವರ ಮುಖ ನೋಡಿದ್ರೆ ನನಗೆ ಸಿಗದ ಏನೋ ಅವರಿಗೆ ಸಿಗ್ತಿದೆ ಅನ್ನಿಸತ್ತೆ. ಅವರಿಗೆ ಹೆಚ್ಚು ಸಿಕ್ಕಿದ ಮಾತ್ರಕ್ಕೆ ನನಗೆ ಸಿಕ್ಕಿದ್ದು ಖೋಟಾ ಆಗಲ್ಲ.

ಇನ್ನು ಅಮ್ಮ. ಗೆಳೆಯನ ಮಾತಿಗಿಂತ ಅಮ್ಮನ ಮಾತು ಭಾರ ಇದೆ, ಮತ್ತೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಯಾಕೆ ಬೇರೆಯವರ ಭಕ್ತಿಗೀತೆ ಹಗುರ, ನಮ್ಮದು ಭಾರ? ನಾನು ಕಂಡಂತೆ ಇದು ನಮ್ಮವರಿಗೆ ಮಾತ್ರ ಇರೋ ರೋಗ ಅಲ್ಲ. ಇಲ್ಲಿ ಕ್ಯಾಥಲಿಕ್ ಬೋರ್ಡಿಂಗ್ ಸ್ಕೂಲಲ್ಲಿ ಬೆಳೆದು ನಂಬಿಕೆ ಬಿಟ್ಟ ಒಬ್ಬರಿದಾರೆ, ಅವರಿಗೆ ಕ್ಯಾರಲ್ ಅಂದ್ರೆ ಮೈ ಉರಿ, ಆದ್ರೆ ಕವ್ವಾಲಿ ಹಾಕಿದ್ರೆ ಕಣ್ಣು ಮುಚ್ಚಿ ಕೂರ್ತಾರೆ. ಹಾಡಿನ ಜೊತೆ ಬಂದ ಬಲವಂತ ಇದ್ಯಲ್ಲ, ಅದು ಅಂಟಿಕೊಂಡಿರತ್ತೆ. ಸ್ನಾನ ಮಾಡಿ ಬಾ, ಅಂಗಿ ತೆಗಿ, ಪರೀಕ್ಷೆ ಇದೆ ನಮಸ್ಕಾರ ಮಾಡು, ಯಾಕೆ ಅಂತ ಕೇಳಿದ್ರೆ ಬೈಗುಳ, ಇದೆಲ್ಲ ನಿಮಗೆ ದೇವರನಾಮದ ಜೊತೆಗೇ ನೆನಪಾಗತ್ತೆ. ಕ್ಯಾರಲ್ ಹಾಡು ಅಂತ ನಿಮ್ಮನ್ನ ಯಾರೂ ಯಾವತ್ತೂ ಹೊಡೆದಿಲ್ಲ, ಅದಕ್ಕೇ ಅದು ಬರೀ ಹಾಡಾಗಿ ಕೇಳಿಸ್ತಿದೆ. ಇದು ಅಮ್ಮನಿಗೆ ಹೇಳಬಹುದಾದ ಉತ್ತರ, ನಿಮಗೆ ನಾನು ಹೇಳೋದು ಸ್ವಲ್ಪ ಬೇರೆ: ಒಂದು ಕಡೆ ಒಪ್ಪಿದ ಮೇಲೆ ಇನ್ನೊಂದು ಕಡೆಯೂ ಒಪ್ಪಬೇಕಾಗತ್ತೆ. ಕ್ಯಾರಲ್ ಹಾಡೋಕೆ ನಂಬಿಕೆ ಬೇಡ ಅಂದ್ರೆ ಪುರಂದರದಾಸರನ್ನ ಕೇಳೋಕೂ ಬೇಡ.

ನಮ್ಮಲ್ಲೇ ಇದಕ್ಕೆ ದೊಡ್ಡವರಿದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋ ಸಮಿತಿ ಮಾಡಿ ಬಾಬಾಗಳಿಗೇ ಸವಾಲು ಹಾಕಿದವರು, ಅದೇ ಮೇಷ್ಟ್ರು ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿ ಕರ್ನಾಟಕ ಸಂಗೀತದ ಕಛೇರಿಗಳನ್ನ ನಡೆಸಿದ್ರು, ಆ ವೇದಿಕೇಲಿ ತ್ಯಾಗರಾಜರ ಕೃತಿ ಹಾಡದೆ ಇನ್ನೇನು ಹಾಡ್ತಾರೆ. ಶಿವರಾಮ ಕಾರಂತರು ದೇವರ ವಿಷಯದಲ್ಲಿ ತಮ್ಮ ಅಪನಂಬಿಕೆಯನ್ನ ಯಾವತ್ತೂ ಮುಚ್ಚಿಟ್ಟವರಲ್ಲ, ಆದ್ರೆ ಗಣಪತಿ ಪೂಜೆಯಿಲ್ಲದೆ ಶುರುವೇ ಆಗದ, ಹರಕೆಗೆ ಅಂತಲೇ ಆಡಿಸೋ ಯಕ್ಷಗಾನಕ್ಕೆ ಬದುಕಿನ ಎಷ್ಟೋ ವರ್ಷ ಕೊಟ್ರು. ನೀವು ಮಲೆನಾಡಿನವರು, ಇದನ್ನ ನಾನು ನಿಮಗೆ ಹೇಳಬೇಕಾಗಿಲ್ಲ. ಮತ್ತೆ ಅಮ್ಮನ "ಅವರ ದೇವರ ಹಾಡು" ಅನ್ನೋದಕ್ಕೂ ಒಂದು ತಿದ್ದುಪಡಿ ಕೊಡಿ, ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಾಗಿಂದ ಕರಾವಳಿಯಲ್ಲಿ, ಹುಬ್ಬಳ್ಳಿ ಧಾರವಾಡ ಕಡೆ ಕನ್ನಡದವರೇ ಕನ್ನಡದಲ್ಲೇ ಈ ಹಬ್ಬದ ಹಾಡು ಹಾಡ್ತಾ ಬಂದಿದಾರೆ, ನಿಘಂಟಿನ ಕಿಟ್ಟೆಲ್ ಏಸುವಿನ ಕಥೆಯನ್ನ ನಮ್ಮ ಷಟ್ಪದಿಯಲ್ಲೇ ಬರೆದಿದಾರೆ. ಅದು ನಮ್ಮೂರಿನ ಹಾಡೂ ಹೌದು.

ಚರ್ಚ್ ಒಳಗಿನ ವ್ಯವಹಾರಕ್ಕೆ ಬಂದ್ರೆ, ನಾನು ನನ್ನ ಕ್ವಾಯರಿನವರಿಗೆ ಹೇಳೋದನ್ನೇ ನಿಮಗೂ ಹೇಳ್ತೀನಿ. ಹಾಡು ಬೇರೆ, ಪ್ರತಿಜ್ಞೆ ಬೇರೆ. ಕ್ಯಾರಲ್ ಸರ್ವಿಸಲ್ಲಿ ಸಾಮಾನ್ಯವಾಗಿ ಪಾಠ (ಬೈಬಲ್ ಓದು), ಹಾಡು, ಪಾಠ, ಹಾಡು, ನಡುವೆ ಒಂದೆರಡು ಪ್ರಾರ್ಥನೆ ಇರತ್ತೆ, 1918ರಲ್ಲಿ ಕಿಂಗ್ಸ್ ಕಾಲೇಜಿಗೆ ಎರಿಕ್ ಮಿಲ್ನರ್ ವೈಟ್ ತಂದ ಒಂಬತ್ತು ಪಾಠಗಳ ಮಾದರಿಯನ್ನೇ ಎಲ್ಲರೂ ಅನುಸರಿಸೋದು. ಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದು ವಾಪಸ್ ಬಂದವರು ಅವರು, ಮಾಮೂಲಿ ಪೂಜೆ ಜನರಿಗೆ ಮುಟ್ಟಲ್ಲ ಅಂತ ಗೊತ್ತಿತ್ತು, ಅದಕ್ಕೇ ಅದು ಹೊರಗಿನವರಿಗೂ ಹೊಂದೋ ಥರ ಇದೆ. ಪ್ರಾರ್ಥನೆ ಬಂದಾಗ ಸುಮ್ಮನೆ ಕೂತಿರಿ, "ಆಮೆನ್" ಹೇಳಲೇಬೇಕು ಅಂತಿಲ್ಲ, ಯಾರೂ ನೋಡಲ್ಲ. "ನಾನು ನಂಬುತ್ತೇನೆ" ಅಂತ ಶುರುವಾಗೋ ಕ್ರೀಡ್ ಹೇಳಿಸಿದ್ರೆ ಹೇಳಬೇಡಿ, ಅದು ಹಾಡಲ್ಲ, ಅದು ನಿಮ್ಮ ಹೆಸರಲ್ಲಿ ಕೊಡೋ ಮಾತು, ಅಲ್ಲಿ ಬಾಯಿ ಆಡಿಸಿದ್ರೆ ನಿಮ್ಮ ಗೆಳೆಯ ಅಂದಿದ್ದು ನಿಜ ಆಗತ್ತೆ. ಕಮ್ಯುನಿಯನ್, ಅಂದ್ರೆ ಭಕ್ತರಿಗೆ ಪವಿತ್ರ ರೊಟ್ಟಿ ವೈನ್ ಕೊಡೋ ವಿಧಿ ಇದ್ರೆ ಸಾಲಿಗೆ ಹೋಗಬೇಡಿ, ರೊಟ್ಟಿ ವೈನ್ ಕುತೂಹಲಕ್ಕೆ ರುಚಿ ನೋಡೋ ವಸ್ತು ಅಲ್ಲ. ಹಾಗೇ ಚರ್ಚ್ ಒಳಗೆ ನಿಂತು ಸಾಲು ಬದಲಾಯಿಸಿ ತಮಾಷೆ ಮಾಡೋ ಕೆಲವು ನಾಸ್ತಿಕ ವೀರರು ಇದಾರೆ, ಅದನ್ನ ಪಬ್ಬಿಗೆ ಇಟ್ಕೊಳ್ಳಿ, ಪಕ್ಕದ ಬೆಂಚಲ್ಲಿ ಆ ವರ್ಷ ಗಂಡನ್ನ ಕಳಕೊಂಡ ಅಜ್ಜಿ ಕೂತಿರಬಹುದು.

ಸ್ಕೂಲಿನ ಬಗ್ಗೆ, ಇಂಗ್ಲೆಂಡಲ್ಲಿ ಸಾಮೂಹಿಕ ಪ್ರಾರ್ಥನೆಯಿಂದ ಮಗೂನ ಹೊರಗಿಡೋ ಹಕ್ಕು ಕಾನೂನಲ್ಲೇ ತಂದೆ ತಾಯಿಗಿದೆ, ಬೇಕಾದ್ರೆ ಒಂದು ಪತ್ರ ಬರೆದ್ರೆ ಸಾಕು. ಮಗಳಿಗೆ ಇಷ್ಟ ಇದ್ರೆ ಆ ಹಕ್ಕು ಬಳಸೋ ಅಗತ್ಯ ನನಗಂತೂ ಕಾಣಲ್ಲ. "ಅಪ್ಪಾ ಇದೆಲ್ಲ ನಿಜವಾ" ಅಂತ ಕೇಳಿದ್ರೆ ನಿಮ್ಮ ಅಭಿಪ್ರಾಯ ನೇರವಾಗಿ ಹೇಳಿ, ಅವಳ ಫ್ರೆಂಡ್ ಮನೇಲಿ ಬೇರೆ ಥರ ನಂಬ್ತಾರೆ ಅಂತಾನೂ ಹೇಳಿ, ಆಮೇಲೆ ಪ್ರಾಕ್ಟೀಸ್ ಮಾಡಿಸಿ, ಮಕ್ಕಳು ಚರಣದ ಕೊನೆ ಅಕ್ಷರ ನುಂಗ್ತಾರೆ. ನಿಮ್ಮದೂ ಅಷ್ಟೇ, ಚರ್ಚಲ್ಲಿ ಪ್ರತಿಧ್ವನಿ ಆಫೀಸ್ ಹಾಲ್‌ಗಿಂತ ಜಾಸ್ತಿ, ಬಾಸ್ ಒಂಚೂರು ಎಳೆದ್ರೂ ಇಡೀ ಕ್ವಾಯರ್ ಹಿಂದೆ ಬೀಳತ್ತೆ, ಆರ್ಗನ್ ಸದ್ದು ಕೇಳಿಸಿದ ಮೇಲೆ ಹಾಡೋಣ ಅಂತ ಕಾಯಬೇಡಿ, ಕಂಡಕ್ಟರ್ ಕೈ ನೋಡಿ ಹಾಡಿ.